ಆಡಿಯೋ ಫೈಲ್ ಪ್ಲೇ ಆಗುತ್ತಿಲ್ಲವಾ? ಮನೆ ಕಂಪ್ಯೂಟರ್‌ನಲ್ಲಿ ಎಲ್ಲ ಬಗೆಯ ಫೈಲ್ ಕೇಳಲು ಹಂತ ಹಂತದ ದಾರಿ

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡುತ್ತೀರಿ. ಪ್ಲೇ ಆಗಲ್ಲ. ಹೆಸರಿನ ಕೊನೆಗೆ ಎಂಪಿ3 ಅಂತ ಸೇರಿಸಿ ನೋಡುತ್ತೀರಿ. ಆಗಲೂ ಇಲ್ಲ. ಗೂಗಲ್‌ನಲ್ಲಿ ಹುಡುಕಿ ಯಾವುದೋ ಕೋಡೆಕ್ ಪ್ಯಾಕ್ (ಬಗೆಬಗೆಯ ಫೈಲ್ ಓದಿಸುವ ಸಾಫ್ಟ್‌ವೇರ್ ಕಂತೆ) ಇಳಿಸಿಕೊಳ್ಳುತ್ತೀರಿ. ಈಗ ಹಾಡೂ ಇಲ್ಲ, ಕಂಪ್ಯೂಟರೂ ನಿಧಾನ. ಕೊನೆಗೆ ಆನ್‌ಲೈನ್ ಕನ್ವರ್ಟರ್‌ಗೆ ಫೈಲ್ ಹಾಕಿ, ಅದು ಕೊಟ್ಟದ್ದನ್ನು ಇಟ್ಟುಕೊಂಡು ಒರಿಜಿನಲ್ ಡಿಲೀಟ್ ಮಾಡುತ್ತೀರಿ. ತುಂಬಾ ಜನ ಎಡವುವುದು ಇದೇ ಸಾಲಿನಲ್ಲಿ, ಇದೇ ಕ್ರಮದಲ್ಲಿ.

ನಮ್ಮ ಚಿಕ್ಕಮ್ಮನ ಮನೆಯಲ್ಲೂ ಹೀಗೇ ಆಯಿತು. ಅಜ್ಜಿ ಹಾಡಿದ್ದ ಸೋಬಾನೆ ಪದ, ಹಳೇ ಕೀಪ್ಯಾಡ್ ಫೋನಿನಲ್ಲಿ ರೆಕಾರ್ಡ್ ಆಗಿತ್ತು. ಫೈಲ್ ಸೈಜ್ 412 ಕೆಬಿ. ಚಿಕ್ಕಮ್ಮನ ಮಗ ಅದರ ಹೆಸರನ್ನು ಎಂಪಿ3 ಅಂತ ಬದಲಿಸಿದ್ದ. ಪ್ಲೇಯರ್ ಒಪ್ಪಲಿಲ್ಲ. 'ಫೈಲ್ ಹಾಳಾಗಿದೆ ಬಿಡು ಅಕ್ಕಾ' ಅಂದ. ಫೈಲ್ ಹಾಳಾಗಿರಲಿಲ್ಲ. ಅದು ಎಎಂಆರ್ ಫೈಲ್, ಅಂದರೆ ಹಳೇ ಫೋನ್‌ಗಳು ಧ್ವನಿ ಹಿಡಿದಿಡುತ್ತಿದ್ದ ಬಗೆ. ಹೆಸರನ್ನು ಮೊದಲಿದ್ದಂತೆ ಮಾಡಿ ವಿಎಲ್‌ಸಿ ಅನ್ನುವ ಪ್ಲೇಯರ್‌ಗೆ ಹಾಕಿದೆ. ನಾಲ್ಕು ನಿಮಿಷ ಇಪ್ಪತ್ತನಾಲ್ಕು ಸೆಕೆಂಡ್ ಅಜ್ಜಿಯ ದನಿ ಕೇಳಿತು, ಹಿಂದೆ ಕುಕ್ಕರ್ ಸೀಟಿಯ ಸಮೇತ.

ಹಾಗಾಗಿ ಈ ಕ್ರಮ ಮುಖ್ಯ: ಮೊದಲು ಕಾಪಿ, ಆಮೇಲೆ ಫೈಲಿನ ಗುರುತು, ಆಮೇಲೆ ಪ್ಲೇಯರ್. ಕನ್ವರ್ಟ್ ಮಾಡುವುದು ಎಲ್ಲಕ್ಕಿಂತ ಕೊನೆಗೆ, ಅದೂ ಬೇಕಾದರೆ ಮಾತ್ರ.

## ಏನೇನು ಬೇಕು

ವಿಎಲ್‌ಸಿ ಮೀಡಿಯಾ ಪ್ಲೇಯರ್ ಮತ್ತು ಫೈಲಿನ ಒಳಗೆ ಏನಿದೆ ಅಂತ ಹೇಳುವ ಮೀಡಿಯಾಇನ್ಫೋ, ಇವೆರಡು ಸಾಕು. ಎರಡೂ ಉಚಿತ. ಆಡಿಯೋ ಸಿಡಿ ಇದ್ದು ಲ್ಯಾಪ್‌ಟಾಪ್‌ನಲ್ಲಿ ಡ್ರೈವ್ ಇಲ್ಲದಿದ್ದರೆ ಯುಎಸ್‌ಬಿಗೆ ಚುಚ್ಚುವ ಡಿವಿಡಿ ಡ್ರೈವ್ ಒಂದು ಬೇಕು. ದುಡ್ಡು ಖರ್ಚಾಗುವುದು ಅದಕ್ಕೆ ಮಾತ್ರ. ಹಾಡಿನ ಹೆಸರುಗಳನ್ನು ಸರಿ ಮಾಡಬೇಕಿದ್ದರೆ ಎಂಪಿ3ಟ್ಯಾಗ್, ಧ್ವನಿಯನ್ನು ಕತ್ತರಿಸಬೇಕಿದ್ದರೆ ಆಡಾಸಿಟಿ. ಇವನ್ನು ಈಗಲೇ ಹಾಕಿಕೊಳ್ಳಬೇಡಿ. ಬೇಕಾದಾಗ ನೋಡೋಣ.

## ಹಂತ 1: ಫೈಲನ್ನು ಕಂಪ್ಯೂಟರ್ ಒಳಗೆ ತನ್ನಿ

ಪೆನ್‌ಡ್ರೈವ್‌ನಿಂದ, ಫೋನಿನಿಂದ, ಮೆಮೊರಿ ಕಾರ್ಡ್‌ನಿಂದ ನೇರವಾಗಿ ಪ್ಲೇ ಮಾಡಬೇಡಿ. ಡಾಕ್ಯುಮೆಂಟ್ಸ್‌ನಲ್ಲಿ ಒಂದು ಫೋಲ್ಡರ್ ಮಾಡಿ, 'ಒರಿಜಿನಲ್' ಅಂತ ಹೆಸರಿಡಿ. ಎಲ್ಲವನ್ನೂ ಅಲ್ಲಿಗೆ ಕಾಪಿ ಮಾಡಿ. ಕಟ್ ಮಾಡಬೇಡಿ. ಮಧ್ಯೆ ಕೇಬಲ್ ಅಲುಗಾಡಿದರೆ ಕಟ್ ಮಾಡಿದ ಫೈಲ್ ಎರಡೂ ಕಡೆ ಸಿಗದೆ ಹೋಗಬಹುದು.

ಕಾಪಿ ಆದ ಮೇಲೆ ಎರಡೂ ಕಡೆಯ ಸೈಜ್ ಒಂದೇ ಇದೆಯಾ ನೋಡಿ. ಒಂದು ನಿಮಿಷದ ಕೆಲಸ. ಅರ್ಧಕ್ಕೆ ನಿಲ್ಲುವ ಹಾಡುಗಳಲ್ಲಿ ಬಹಳಷ್ಟು ಅರ್ಧಂಬರ್ಧ ಕಾಪಿ ಆದ ಫೈಲ್‌ಗಳೇ.

ವಾಟ್ಸಾಪ್ ವಾಯ್ಸ್ ನೋಟ್ ಬೇಕಾದವರಿಗೆ: ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಜೋಡಿಸಿ, ಫೋನಿನ ಸ್ಕ್ರೀನ್ ಮೇಲೆ 'ಫೈಲ್ ಟ್ರಾನ್ಸ್‌ಫರ್' ಆಯ್ಕೆ ಮಾಡಿ. ಬರೀ ಚಾರ್ಜಿಂಗ್ ಅಂತ ಇದ್ದರೆ ಕಂಪ್ಯೂಟರ್‌ಗೆ ಫೋಲ್ಡರ್ ಕಾಣುವುದಿಲ್ಲ. ಈಗಿನ ಫೋನ್‌ಗಳಲ್ಲಿ ಆಂಡ್ರಾಯ್ಡ್, ಅದರೊಳಗೆ ಮೀಡಿಯಾ, ಅದರೊಳಗೆ ಕಾಮ್ ಡಾಟ್ ವಾಟ್ಸಾಪ್, ಅದರೊಳಗೆ ವಾಟ್ಸಾಪ್, ಮತ್ತೆ ಮೀಡಿಯಾ, ಕೊನೆಗೆ ವಾಟ್ಸಾಪ್ ವಾಯ್ಸ್ ನೋಟ್ಸ್. ಫೈಲಿನ ಹೆಸರು ಪಿಟಿಟಿ ಅಂತ ಶುರುವಾಗಿ ಮುಂದೆ ತಾರೀಖು ಇರುತ್ತದೆ. ಯಾರ ಧ್ವನಿ ಅಂತ ಹೆಸರಲ್ಲಿ ಇರುವುದಿಲ್ಲ, ಆದ್ದರಿಂದ ಫೋನಿನಲ್ಲಿ ಆ ಮೆಸೇಜ್ ಬಂದ ತಾರೀಖು ಮೊದಲೇ ಬರೆದುಕೊಳ್ಳಿ.

## ಹಂತ 2: ತೊಂದರೆ ಫೈಲಿನದಾ, ಸ್ಪೀಕರಿನದಾ?

ಟಾಸ್ಕ್‌ಬಾರ್‌ನಲ್ಲಿರುವ ವಾಲ್ಯೂಮ್ ಪಟ್ಟಿಯನ್ನು ಒಮ್ಮೆ ಎಳೆದು ಬಿಡಿ. 'ಟಿಣ್' ಅಂತ ಸದ್ದು ಬರಬೇಕು. ಬರಲಿಲ್ಲವೆಂದರೆ ತೊಂದರೆ ಸ್ಪೀಕರ್ ಕಡೆಯದು, ಫಾರ್ಮ್ಯಾಟ್ (ಫೈಲಿನ ಬಗೆ) ಬಗ್ಗೆ ಯೋಚನೆಯೇ ಬೇಡ.

ಟಿವಿಗೋ ಮಾನಿಟರ್‌ಗೋ ಎಚ್‌ಡಿಎಂಐ ಕೇಬಲ್ ಹಾಕಿದ್ದರೆ ಸದ್ದು ಅತ್ತ ಹೋಗಿರುತ್ತದೆ. ವಾಲ್ಯೂಮ್ ಪಕ್ಕದ ಗುರುತನ್ನು ಒತ್ತಿ ಸ್ಪೀಕರ್ ಆಯ್ಕೆ ಮಾಡಿ. ಬ್ಲೂಟೂತ್ ಹೆಡ್‌ಸೆಟ್‌ನಲ್ಲಿ ಎಲ್ಲ ಹಾಡೂ ಕೊಡಪಾನದೊಳಗಿಂದ ಬಂದ ಹಾಗೆ ಕೇಳುತ್ತಿದ್ದರೆ, ಅದು ಫೋನ್ ಕರೆಯ ಮೋಡ್‌ಗೆ ಹೋಗಿದೆ ಅಂತ ಅರ್ಥ. ಮೈಕ್ ಬಳಸುತ್ತಿರುವ ಮೀಟಿಂಗ್ ಆಪ್‌ಗಳನ್ನು ಪೂರ್ತಿ ಮುಚ್ಚಿ, ಮತ್ತೆ ಕೇಳಿ.

## ಹಂತ 3: ಫೈಲಿನ ಪೂರ್ತಿ ಹೆಸರು ಮತ್ತು ಸೈಜ್ ನೋಡಿ

ವಿಂಡೋಸ್ ಹೆಸರಿನ ಕೊನೆಯ ಭಾಗವನ್ನು ಮುಚ್ಚಿಡುತ್ತದೆ. ಅದನ್ನು ಮೊದಲು ತೆರೆಸಿ. ವಿಂಡೋಸ್ 11ರಲ್ಲಿ ಫೈಲ್ ಎಕ್ಸ್‌ಪ್ಲೋರರ್ ತೆಗೆದು ವ್ಯೂ, ಶೋ, 'ಫೈಲ್ ನೇಮ್ ಎಕ್ಸ್‌ಟೆನ್ಶನ್ಸ್' ಒತ್ತಿ. ವಿಂಡೋಸ್ 10ರಲ್ಲಿ ವ್ಯೂ ಟ್ಯಾಬ್‌ನಲ್ಲೇ ಆ ಚೌಕ ಇರುತ್ತದೆ. ಹಾಗೇ ವ್ಯೂನಲ್ಲಿ 'ಡೀಟೇಲ್ಸ್' ಹಾಕಿ, ಸೈಜ್ ಕಾಣಲಿ.

ಈಗ ಸಾಲಾಗಿ ನೋಡಿ.

ಎಂಪಿ3 ಡಾಟ್ ಇಎಕ್ಸ್‌ಇ ಅಂತ ಕೊನೆಯಾಗಿದೆಯಾ? ಅದು ಹಾಡಲ್ಲ, ಪ್ರೋಗ್ರಾಂ. ಕೊನೆಯ ಭಾಗ ಮುಚ್ಚಿದ್ದಾಗ ಬರೀ ಎಂಪಿ3 ಅಂತ ಕಾಣಿಸಿ ಮೋಸ ಮಾಡುತ್ತದೆ. ಮುಟ್ಟದೆ ಡಿಲೀಟ್ ಮಾಡಿ, ಆಂಟಿವೈರಸ್ ಸ್ಕ್ಯಾನ್ ಹಾಕಿ.

ಸೈಜ್ ಸೊನ್ನೆ ಇದೆಯಾ? ಒಳಗೆ ಏನೂ ಇಲ್ಲ. ಯಾವ ಪ್ಲೇಯರ್ ಹಾಕಿದರೂ ಪ್ರಯೋಜನ ಇಲ್ಲ. ಮೂಲದಿಂದ ಮತ್ತೆ ಕಾಪಿ ಮಾಡಿ.

ಹೆಸರಿನ ಪಕ್ಕ ಮೋಡದ ಚಿತ್ರ ಇದೆಯಾ? ಫೈಲ್ ಇನ್ನೂ ಕ್ಲೌಡ್‌ನಲ್ಲೇ ಇದೆ, ನಿಮ್ಮ ಡಿಸ್ಕ್‌ಗೆ ಬಂದಿಲ್ಲ. ರೈಟ್ ಕ್ಲಿಕ್ ಮಾಡಿ, ಯಾವಾಗಲೂ ಈ ಕಂಪ್ಯೂಟರ್‌ನಲ್ಲಿ ಇರಲಿ ಎನ್ನುವ ಆಯ್ಕೆ ಒತ್ತಿ, ಪೂರ್ತಿ ಇಳಿಯಲು ಬಿಡಿ.

ಎಲ್ಲ ಫೈಲೂ 1 ಕೆಬಿ, ಕೊನೆಗೆ ಸಿಡಿಎ ಅಂತ ಇದೆಯಾ? ಇದು ಬಹಳ ಮನೆಗಳಲ್ಲಿ ಆಗುವ ತಪ್ಪು. ಆಡಿಯೋ ಸಿಡಿಯಿಂದ ಟ್ರ್ಯಾಕ್01, ಟ್ರ್ಯಾಕ್02 ಅಂತ ಎಳೆದು ಡೆಸ್ಕ್‌ಟಾಪ್‌ಗೆ ಹಾಕಿರುತ್ತೀರಿ. ಸಿಡಿ ಡ್ರೈವ್‌ನಲ್ಲಿ ಇರುವವರೆಗೆ ಪ್ಲೇ ಆಗುತ್ತದೆ. ಸಿಡಿ ತೆಗೆದ ಕೂಡಲೇ ಇಲ್ಲ. ಯಾಕೆಂದರೆ ಸಿಡಿಎ ಫೈಲ್ ಅಂದರೆ ಬರೀ 44 ಬೈಟ್‌ನ ಚೀಟಿ. 'ಈ ಹಾಡು ಸಿಡಿಯಲ್ಲಿ ಇಂಥ ಕಡೆ ಶುರುವಾಗುತ್ತದೆ' ಅಂತ ಮಾತ್ರ ಅದರಲ್ಲಿದೆ. ಹಾಡು ಸಿಡಿಯಲ್ಲೇ ಉಳಿದಿದೆ. ಸಿಡಿಎ ಕಾಪಿ ಮಾಡಿಟ್ಟುಕೊಂಡು ಸಿಡಿಯನ್ನು ಯಾರಿಗೋ ಕೊಟ್ಟುಬಿಟ್ಟವರನ್ನು ನೋಡಿದ್ದೇನೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿರುವುದು. ಸರಿಯಾದ ದಾರಿ ಹಂತ 6ರಲ್ಲಿದೆ.

ಎಂ3ಯು, ಪಿಎಲ್‌ಎಸ್, ಡಬ್ಲ್ಯುಪಿಎಲ್, ಆರ್‌ಎಎಂ ಅಂತ ಇದೆಯಾ? ಇವೂ ಚೀಟಿಗಳೇ. ಹಾಡುಗಳ ಪಟ್ಟಿ ಅಥವಾ ವಿಳಾಸ ಇರುತ್ತದೆ, ಹಾಡು ಇರುವುದಿಲ್ಲ. ನೋಟ್‌ಪ್ಯಾಡ್‌ನಲ್ಲಿ ತೆರೆದರೆ ಹಾಡು ಎಲ್ಲಿತ್ತು ಅಂತ ಗೊತ್ತಾಗುತ್ತದೆ. ಪ್ಲೇಲಿಸ್ಟ್ ಫೈಲ್ ಒಂದನ್ನೇ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗಿ ಮದುವೆ ಮನೆಯಲ್ಲಿ ಪರದಾಡಬೇಡಿ.

ಸೈಜ್‌ನಿಂದ ಇನ್ನೂ ಒಂದು ಅಂದಾಜು ಸಿಗುತ್ತದೆ. ಸಿಡಿ ಗುಣಮಟ್ಟದ ವೇವ್ ಫೈಲ್ ನಿಮಿಷಕ್ಕೆ ಸುಮಾರು 10 ಎಂಬಿ. 128 ಕೆಬಿಪಿಎಸ್ (ಸೆಕೆಂಡಿಗೆ 128 ಕಿಲೋಬಿಟ್) ಎಂಪಿ3 ನಿಮಿಷಕ್ಕೆ ಸುಮಾರು 1 ಎಂಬಿ. ಹಳೇ ಫೋನಿನ ಎಎಂಆರ್ ನಿಮಿಷಕ್ಕೆ 100 ಕೆಬಿಯೂ ಇಲ್ಲ. ಐದು ನಿಮಿಷದ ಎಂಪಿ3 ಹಾಡು 40 ಕೆಬಿ ಅಂತ ತೋರಿಸಿದರೆ ಅದು ಹಾಡಲ್ಲ. ಡೌನ್‌ಲೋಡ್ ಮಾಡುವಾಗ ಹಾಡಿನ ಬದಲು ವೆಬ್ ಪುಟವೇ ಸೇವ್ ಆಗಿರುವುದು ಜಾಸ್ತಿ.

## ಹಂತ 4: ವಿಎಲ್‌ಸಿ ಹಾಕಿ, ಅಲ್ಲಿ ಒಮ್ಮೆ ನೋಡಿ

ವಿಎಲ್‌ಸಿಯನ್ನು ವಿಡಿಯೊಲ್ಯಾನ್ ಡಾಟ್ ಆರ್ಗ್‌ನಿಂದಲೇ ಇಳಿಸಿಕೊಳ್ಳಿ. ಹುಡುಕಿದಾಗ ಮೇಲೆ ಬರುವ ಜಾಹೀರಾತಿನ ಕೊಂಡಿ ಬೇಡ. ಅದೇ ಕಿತ್ತಳೆ ಬಣ್ಣದ ಕೋನ್ ಚಿತ್ರ ಹಾಕಿಕೊಂಡು ಬೇರೆ ಸಾಮಾನು ಸೇರಿಸಿ ಕೊಡುವವರಿದ್ದಾರೆ. ವಿಎಲ್‌ಸಿಗೆ ದುಡ್ಡಿಲ್ಲ, ಲಾಗಿನ್ ಇಲ್ಲ, ಜಾಹೀರಾತಿಲ್ಲ. ಇವುಗಳಲ್ಲಿ ಯಾವುದನ್ನಾದರೂ ಕೇಳಿದರೆ ನೀವು ತಪ್ಪು ಜಾಗದಲ್ಲಿದ್ದೀರಿ.

ಮ್ಯಾಕ್‌ಗೂ ಅದೇ ಸೈಟ್. ಉಬುಂಟುವಿನಲ್ಲಿ ಆಪ್ ಸೆಂಟರ್‌ನಿಂದ ಸಿಗುತ್ತದೆ.

ಫೈಲನ್ನು ಎಳೆದು ವಿಎಲ್‌ಸಿ ಕಿಟಕಿಗೆ ಹಾಕಿ. ಹತ್ತರಲ್ಲಿ ಒಂಬತ್ತು ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ. ವಿಎಲ್‌ಸಿ ಬೇರೆ ಕೋಡೆಕ್‌ಗಳಿಗೆ ಕೈ ಚಾಚುವುದಿಲ್ಲ, ಬೇಕಾದದ್ದೆಲ್ಲ ಅದರ ಒಳಗೇ ಇದೆ. ಅದಕ್ಕೇ ಕೋಡೆಕ್ ಪ್ಯಾಕ್ ಹಾಕಿಕೊಳ್ಳುವ ಅಗತ್ಯ ಇಲ್ಲ ಅನ್ನುವುದು. ಹಾಡು ಶುರುವಾಗುವ ಬದಲು 'ಈ ಕೋಡೆಕ್ ಡೌನ್‌ಲೋಡ್ ಮಾಡಿ' ಅಂತ ಬ್ರೌಸರ್ ತೆರೆದುಕೊಂಡರೆ ತಕ್ಷಣ ಮುಚ್ಚಿ. ನಿಜವಾದ ಹಾಡಿನ ಫೈಲ್ ನಿಮ್ಮ ಹತ್ತಿರ ಏನನ್ನೂ ಡೌನ್‌ಲೋಡ್ ಮಾಡಿಸುವುದಿಲ್ಲ.

ಯುರೋಪಿನಲ್ಲಿ ಲ್ಯಾಪ್‌ಟಾಪ್ ಕೊಂಡವರಿಗೆ ಒಂದು ಮಾತು. ಅಲ್ಲಿ ವಿಂಡೋಸ್‌ನ 'ಎನ್' ಆವೃತ್ತಿ ಮಾರಾಟದಲ್ಲಿದೆ. ಅದರಲ್ಲಿ ಮೀಡಿಯಾ ಪ್ಲೇಯರ್ ಮತ್ತು ಅದರ ಭಾಗಗಳು ಇರುವುದಿಲ್ಲ. ಸೆಟ್ಟಿಂಗ್ಸ್‌ನ ಆಪ್ಷನಲ್ ಫೀಚರ್ಸ್‌ನಲ್ಲಿ ಮೀಡಿಯಾ ಫೀಚರ್ ಪ್ಯಾಕ್ ಹಾಕಿಕೊಳ್ಳಬಹುದು. ಅಲ್ಲೂ ವಿಎಲ್‌ಸಿ ಹಾಗೇ ಓಡುತ್ತದೆ.

## ಹಂತ 5: ಒಳಗೆ ಏನಿದೆ ಅಂತ ಕೇಳಿ

ಹಾರ್ಲಿಕ್ಸ್ ಬಾಟಲಿಯಲ್ಲಿ ಸಾಸಿವೆ ತುಂಬಿಡುವುದು ನಮ್ಮೆಲ್ಲರ ಅಡುಗೆ ಮನೆಯ ಪದ್ಧತಿ ಅಲ್ವಾ? ಆಡಿಯೋ ಫೈಲೂ ಹಾಗೇ. ಹೆಸರಿನ ಕೊನೆಯ ಮೂರು-ನಾಲ್ಕು ಅಕ್ಷರ ಬಾಟಲಿ ಮೇಲಿನ ಚೀಟಿ. ಒಳಗಿನ ಸಾಮಾನಿಗೆ ಕೋಡೆಕ್ ಅನ್ನುತ್ತಾರೆ. ಚೀಟಿ ಬದಲಿಸಿದರೆ ಸಾಸಿವೆ ಹಾರ್ಲಿಕ್ಸ್ ಆಗುವುದಿಲ್ಲ. ಹೆಸರು ಬದಲಿಸಿದರೆ ಎಎಂಆರ್ ಫೈಲ್ ಎಂಪಿ3 ಆಗುವುದಿಲ್ಲ.

ಒಂದೇ ಬಾಟಲಿಯಲ್ಲಿ ಬೇರೆ ಬೇರೆ ಸಾಮಾನೂ ಇರಬಹುದು. ಎಂ4ಎ ಫೈಲ್ ಒಳಗೆ ಎಎಸಿ ಅನ್ನುವ ಕೋಡೆಕ್ ಇರಬಹುದು, ಆಪಲ್ ಲಾಸ್‌ಲೆಸ್ ಅನ್ನುವುದೂ ಇರಬಹುದು. ಒಂದು ಎಂ4ಎ ಪ್ಲೇ ಆಗಿ ಇನ್ನೊಂದು ಎಂ4ಎ ಕಾರಿನಲ್ಲಿ ಪ್ಲೇ ಆಗದಿದ್ದರೆ ಕಾರಣ ಇದೇ.

ವಿಎಲ್‌ಸಿಯಲ್ಲಿ ಪ್ಲೇ ಆಗುತ್ತಿರುವಾಗ ಕಂಟ್ರೋಲ್ ಮತ್ತು ಜೆ ಒಟ್ಟಿಗೆ ಒತ್ತಿ. ಕೋಡೆಕ್ ಹೆಸರು, ಸ್ಯಾಂಪಲ್ ರೇಟ್ (ಸೆಕೆಂಡಿಗೆ ಎಷ್ಟು ಸಲ ಧ್ವನಿ ಅಳೆದಿದೆ ಅನ್ನುವುದು), ಚಾನೆಲ್ ಎಲ್ಲ ಕಾಣುತ್ತದೆ. ಪ್ಲೇ ಆಗದಿದ್ದರೆ ಫೈಲನ್ನು ಮೀಡಿಯಾಇನ್ಫೋಗೆ ಎಳೆದು ಹಾಕಿ. ಅದು ಹೆಸರನ್ನು ನಂಬುವುದಿಲ್ಲ, ಒಳಗೆ ನೋಡಿ ಹೇಳುತ್ತದೆ.

ಮೀಡಿಯಾಇನ್ಫೋ ಕೂಡ ಏನೂ ಹೇಳದಿದ್ದರೆ, ಫೈಲ್ ಚಿಕ್ಕದಾಗಿದ್ದರೆ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಪುಟದ ತುಂಬ ಅರ್ಥವಿಲ್ಲದ ಅಕ್ಷರ ಬರುತ್ತದೆ, ಹೆದರಬೇಡಿ. ಮೊದಲ ಸಾಲಿನ ಆರಂಭ ಮಾತ್ರ ನೋಡಿ. ಆರ್ ಐ ಎಫ್ ಎಫ್ ಅಂತ ಇದ್ದರೆ ವೇವ್. ಐಡಿ3 ಅಂತ ಇದ್ದರೆ ಬಹುಪಾಲು ಎಂಪಿ3. ಎಫ್ ಎಲ್ ಎ ಸಿ ಅಂತ ಇದ್ದರೆ ಫ್ಲ್ಯಾಕ್. ಓ ಜಿ ಜಿ ಎಸ್ ಅಂತ ಇದ್ದರೆ ಆಗ್ ಅಥವಾ ಓಪಸ್. ಹ್ಯಾಶ್ ಗುರುತು, ಆಶ್ಚರ್ಯಸೂಚಕ, ಆಮೇಲೆ ಎ ಎಂ ಆರ್ ಅಂತ ಇದ್ದರೆ ಅಜ್ಜಿಯ ಸೋಬಾನೆಯಂಥ ಹಳೇ ಫೋನಿನ ರೆಕಾರ್ಡಿಂಗ್. ಮೊದಲ ಸಾಲಿನಲ್ಲೇ ಎಚ್‌ಟಿಎಂಎಲ್ ಅಂತ ಕಂಡರೆ ಅದು ವೆಬ್ ಪುಟ. ನೋಡಿದ ಮೇಲೆ ಸೇವ್ ಮಾಡದೆ ಮುಚ್ಚಿ. ಸೇವ್ ಮಾಡಿದರೆ ಫೈಲ್ ನಿಜವಾಗಿಯೂ ಕೆಡುತ್ತದೆ.

## ಹಂತ 6: ಫಾರ್ಮ್ಯಾಟ್ ಗೊತ್ತಾಯಿತು, ಮುಂದೇನು?

ಎಂಪಿ3, ವೇವ್. ಎಲ್ಲ ಕಡೆ ಪ್ಲೇ ಆಗುತ್ತವೆ. ಇವೂ ಆಗದಿದ್ದರೆ ಫೈಲ್ ಕೆಟ್ಟಿದೆ, ಅಥವಾ ಚೀಟಿ ತಪ್ಪು.

ಎಂ4ಎ. ಐಫೋನಿನ ವಾಯ್ಸ್ ಮೆಮೊ ಈ ರೂಪದಲ್ಲಿ ಬರುತ್ತದೆ. ವಿಂಡೋಸ್ 10 ಮತ್ತು 11ರ ಸ್ವಂತ ಪ್ಲೇಯರ್‌ಗೂ ಗೊತ್ತು.

ಓಪಸ್, ಆಗ್. ವಾಟ್ಸಾಪ್ ವಾಯ್ಸ್ ನೋಟ್. ಆಂಡ್ರಾಯ್ಡ್ ಫೋನಿನಿಂದ ತೆಗೆದರೆ ಓಪಸ್ ಅಂತ, ವಾಟ್ಸಾಪ್ ವೆಬ್‌ನಿಂದ ಇಳಿಸಿದರೆ ಆಗ್ ಅಂತ ಹೆಸರು. ಒಳಗಿನ ಸಾಮಾನು ಒಂದೇ. ವಿಎಲ್‌ಸಿಯಲ್ಲಿ ನೇರ ಪ್ಲೇ ಆಗುತ್ತದೆ. ವಿಂಡೋಸ್‌ನ ಪ್ಲೇಯರ್‌ನಲ್ಲೇ ಬೇಕು ಅನ್ನುವವರು ಮೈಕ್ರೋಸಾಫ್ಟ್ ಸ್ಟೋರ್‌ನಿಂದ 'ವೆಬ್ ಮೀಡಿಯಾ ಎಕ್ಸ್‌ಟೆನ್ಶನ್ಸ್' ಹಾಕಿಕೊಳ್ಳಿ. ಉಚಿತ.

ಎಎಂಆರ್, 3ಜಿಪಿ. ಹಳೇ ಫೋನಿನ ರೆಕಾರ್ಡರ್‌ಗಳ, ಕೆಲವು ಫೋನ್‌ಗಳ ಕಾಲ್ ರೆಕಾರ್ಡಿಂಗ್‌ನ ಫೈಲ್‌ಗಳು. ಸಾಮಾನ್ಯ ಎಎಂಆರ್ ಸೆಕೆಂಡಿಗೆ 8,000 ಸ್ಯಾಂಪಲ್ ಮಾತ್ರ ಹಿಡಿಯುತ್ತದೆ. ಸಿಡಿ ಹಿಡಿಯುವುದು 44,100. ಮಾತಿಗೆ ಸಾಕು, ಹಾಡಿಗೆ ಕಡಿಮೆ. ದನಿ ಫೋನಿನಲ್ಲಿ ಮಾತಾಡಿದ ಹಾಗೆ ಕೇಳಿದರೆ ಅದು ನಿಮ್ಮ ಪ್ಲೇಯರ್‌ನ ತಪ್ಪಲ್ಲ. ರೆಕಾರ್ಡ್ ಆಗಿರುವುದೇ ಅಷ್ಟು. ಯಾವ ಸಾಫ್ಟ್‌ವೇರ್ ಹಾಕಿದರೂ ಇಲ್ಲದ್ದು ಬರುವುದಿಲ್ಲ.

ಫ್ಲ್ಯಾಕ್. ಧ್ವನಿ ಒಂದಿಷ್ಟೂ ಕಳೆಯದೆ ಸೈಜ್ ಮಾತ್ರ ಸುಮಾರು ಅರ್ಧಕ್ಕೆ ಇಳಿಸಿದ ಫೈಲ್. ವಿಂಡೋಸ್ 10ರಿಂದ ಈಚೆಗೆ ನೇರವಾಗಿ ಪ್ಲೇ ಆಗುತ್ತದೆ. ಮ್ಯಾಕ್‌ನಲ್ಲಿ ಕ್ವಿಕ್‌ಟೈಮ್ ತೆಗೆದುಕೊಳ್ಳುತ್ತದೆ, ಆದರೆ ಮ್ಯೂಸಿಕ್ ಆಪ್ ಒಪ್ಪುವುದಿಲ್ಲ. ಅಲ್ಲಿ ವಿಎಲ್‌ಸಿ ಬಳಸಿ, ಇಲ್ಲವೇ ಆಪಲ್ ಲಾಸ್‌ಲೆಸ್‌ಗೆ ಬದಲಿಸಿ. ಎರಡೂ ನಷ್ಟವಿಲ್ಲದ ಫಾರ್ಮ್ಯಾಟ್, ಆದ್ದರಿಂದ ಧ್ವನಿ ಕೆಡುವುದಿಲ್ಲ.

ಎಪಿಇ ಅಥವಾ ಫ್ಲ್ಯಾಕ್, ಜೊತೆಗೆ ಕ್ಯೂ ಫೈಲ್. ಪೂರ್ತಿ ಸಿಡಿ ಒಂದೇ ದೊಡ್ಡ ಫೈಲ್ ಆಗಿರುತ್ತದೆ. ಯಾವ ಹಾಡು ಎಲ್ಲಿ ಶುರು ಅಂತ ಕ್ಯೂ ಫೈಲ್ ಹೇಳುತ್ತದೆ. ಎರಡನ್ನೂ ಒಂದೇ ಫೋಲ್ಡರ್‌ನಲ್ಲಿಡಿ, ಹೆಸರು ಬದಲಿಸಬೇಡಿ. ಹಾಡುಗಳು ಬೇರೆ ಬೇರೆಯಾಗಿ ಕಾಣಬೇಕಿದ್ದರೆ ಫೂಬಾರ್2000 ಅನ್ನುವ ಪ್ಲೇಯರ್ ಅನುಕೂಲ.

ಡಬ್ಲ್ಯುಎಂಎ. ವಿಂಡೋಸ್ ಎಕ್ಸ್‌ಪಿ ಕಾಲದಲ್ಲಿ ಸಿಡಿಯಿಂದ ತೆಗೆದ ಹಾಡುಗಳು ಬಹಳ ಕಡೆ ಇದರಲ್ಲೇ ಇವೆ. ಮ್ಯಾಕ್‌ನಲ್ಲಿ ವಿಎಲ್‌ಸಿಯಂಥ ಪ್ಲೇಯರ್ ಬೇಕೇ ಬೇಕು. ಒಂದು ಕೊಕ್ಕೆ ಇದೆ: ಆಗಿನ ಪ್ಲೇಯರ್‌ನಲ್ಲಿ ಕಾಪಿ ತಡೆಯುವ ಆಯ್ಕೆ ಇತ್ತು. ಅದು ಹಾಕಿದ್ದರೆ ಹಾಡಿಗೆ ಬೀಗ ಬಿದ್ದಿದೆ, ಬೀಗದ ಕೈ ಆ ಹಳೇ ಕಂಪ್ಯೂಟರ್‌ನಲ್ಲಿತ್ತು. ಫೈಲ್ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್ ನೋಡಿ. 'ಪ್ರೊಟೆಕ್ಟೆಡ್' ಎದುರು ಯೆಸ್ ಇದ್ದರೆ ಕನ್ವರ್ಟರ್ ಹುಡುಕುತ್ತಾ ದಿನ ಕಳೆಯಬೇಡಿ. ಮೂಲ ಸಿಡಿ ಇದ್ದರೆ ಅದರಿಂದ ಮತ್ತೆ ತೆಗೆಯುವುದೇ ಒಳ್ಳೆಯದು.

ಎಂ4ಪಿ. ಇದೂ ಬೀಗ ಹಾಕಿದ್ದೇ. ಐಟ್ಯೂನ್ಸ್ ಅಂಗಡಿಯ ಹಾಡುಗಳಿಗೆ 2009ರವರೆಗೆ ಬೀಗ ಇರುತ್ತಿತ್ತು. ಭಾರತದಲ್ಲಿ ಆ ಅಂಗಡಿ ತೆರೆದದ್ದು 2012ರಲ್ಲಿ, ಹಾಗಾಗಿ ಬೀಗ ಹಾಕಿ ಮಾರಿದ ಆ ಹಾಡುಗಳು ಇಲ್ಲಿಯವರ ಹತ್ತಿರ ಅಪರೂಪ. ಅಮೆರಿಕದಲ್ಲಿ ಆಗಲೇ ಇದ್ದ ನಮ್ಮವರ ಹಳೇ ಡಿಸ್ಕ್‌ಗಳಲ್ಲಿ ಇರಬಹುದು. ಕೊಂಡ ಅದೇ ಆಪಲ್ ಖಾತೆಯಿಂದ ಮಾತ್ರ ತೆರೆಯುತ್ತದೆ.

ಡಿವಿಎಫ್, ಎಂಎಸ್‌ವಿ. ಸೋನಿಯ ಹಳೇ ಕೈ ರೆಕಾರ್ಡರ್‌ಗಳ ಸ್ವಂತ ಫಾರ್ಮ್ಯಾಟ್. ತಾಳಮದ್ದಲೆ, ಉಪನ್ಯಾಸ, ಹರಿಕಥೆ ರೆಕಾರ್ಡ್ ಮಾಡುವ ಹವ್ಯಾಸ ಇದ್ದವರ ಮನೆಯಲ್ಲಿ ಸಿಗುತ್ತವೆ. ವಿಎಲ್‌ಸಿಯನ್ನು ನೆಚ್ಚಿಕೊಳ್ಳಬೇಡಿ, ಸೋನಿಯದೇ ಸಾಫ್ಟ್‌ವೇರ್ ಬೇಕು. ರೆಕಾರ್ಡರ್ ಇನ್ನೂ ಓಡುತ್ತಿದ್ದರೆ ಇನ್ನೊಂದು ದಾರಿ ಇದೆ. ಅದರ ಇಯರ್‌ಫೋನ್ ತೂತಿನಿಂದ ಕಂಪ್ಯೂಟರ್‌ನ ಲೈನ್ ಇನ್‌ಗೆ ಕೇಬಲ್ ಹಾಕಿ, ಆಡಾಸಿಟಿಯಲ್ಲಿ ಮತ್ತೆ ರೆಕಾರ್ಡ್ ಮಾಡಿಕೊಳ್ಳಿ. ಎರಡು ಗಂಟೆಯ ತಾಳಮದ್ದಲೆಗೆ ಎರಡು ಗಂಟೆಯೇ ಬೇಕು. ಆದರೆ ಕೆಲಸ ಆಗುತ್ತದೆ.

ಮಿಡಿ. ಒಳಗೆ ಧ್ವನಿ ಇಲ್ಲ, ಯಾವ ಸ್ವರ ಯಾವಾಗ ಅನ್ನುವ ಪಟ್ಟಿ ಮಾತ್ರ. ವಿಎಲ್‌ಸಿ ಸುಮ್ಮನಿದ್ದರೆ 'ವಿಂಡೋಸ್ ಮೀಡಿಯಾ ಪ್ಲೇಯರ್ ಲೆಗಸಿ'ಯಲ್ಲಿ ತೆರೆಯಿರಿ.

ಆಡಿಯೋ ಸಿಡಿ. ಇಲ್ಲಿ ಕಾಪಿ ಅಲ್ಲ, ರಿಪ್ ಮಾಡಬೇಕು, ಅಂದರೆ ಸಿಡಿಯ ಹಾಡನ್ನು ಫೈಲ್ ಆಗಿ ತೆಗೆಯಬೇಕು. ಸಿಡಿ ಹಾಕಿ, ವಿಂಡೋಸ್ ಮೀಡಿಯಾ ಪ್ಲೇಯರ್ ಲೆಗಸಿ ತೆರೆಯಿರಿ. ಮೊದಲು 'ರಿಪ್ ಸೆಟ್ಟಿಂಗ್ಸ್'ನಲ್ಲಿ ಫಾರ್ಮ್ಯಾಟ್ ನೋಡಿ. ಮೊದಲಿನಿಂದ ಇದ್ದದ್ದನ್ನೇ ಬಿಟ್ಟರೆ ಡಬ್ಲ್ಯುಎಂಎ ಆಗಿಬಿಡಬಹುದು. ಉಳಿಸಿಕೊಳ್ಳಬೇಕಾದ ಸಿಡಿಗೆ ಫ್ಲ್ಯಾಕ್, ಸುಮ್ನೆ ಕೇಳಲಿಕ್ಕೆ ಎಂಪಿ3. ಆಮೇಲೆ 'ರಿಪ್ ಸಿಡಿ' ಒತ್ತಿ. ಗೀರು ಬಿದ್ದು ಟಕ್ ಟಕ್ ಅನ್ನುವ ಸಿಡಿಗೆ ಎಕ್ಸಾಕ್ಟ್ ಆಡಿಯೋ ಕಾಪಿ ಅನ್ನುವ ಉಚಿತ ಸಾಫ್ಟ್‌ವೇರ್ ಇದೆ. ಓದಲಾಗದ ಜಾಗವನ್ನು ಅದು ಮತ್ತೆ ಮತ್ತೆ ಓದಿ ನೋಡುತ್ತದೆ. ಸಿಡಿಯನ್ನು ಮೆತ್ತನೆ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಸುತ್ತ ತಿರುಗಿಸಿ ಉಜ್ಜಬೇಡಿ.

ಯಕ್ಷಗಾನದ ಹಳೇ ವಿಸಿಡಿ ಆದರೆ ಎಂಪಿಇಜಿಎವಿ ಅನ್ನುವ ಫೋಲ್ಡರ್‌ನಲ್ಲಿ ಡಿಎಟಿ ಅಂತ ಕೊನೆಯಾಗುವ ದೊಡ್ಡ ಫೈಲ್ ಇರುತ್ತದೆ. ವಿಎಲ್‌ಸಿಗೆ ಎಳೆದು ಹಾಕಿ.

## ಹಂತ 7: ಡಬಲ್ ಕ್ಲಿಕ್‌ಗೆ ವಿಎಲ್‌ಸಿ ಕೂರಿಸಿ

ಫೈಲ್ ಮೇಲೆ ರೈಟ್ ಕ್ಲಿಕ್, 'ಓಪನ್ ವಿತ್', 'ಚೂಸ್ ಅನದರ್ ಆಪ್', ವಿಎಲ್‌ಸಿ, ಆಮೇಲೆ 'ಆಲ್ವೇಸ್'. ಇದನ್ನು ಪ್ರತಿ ಫಾರ್ಮ್ಯಾಟ್‌ಗೂ ಒಂದೊಂದು ಸಲ ಮಾಡಬೇಕು. ಮನೆಯ ಹಿರಿಯರು ಬಳಸುವ ಕಂಪ್ಯೂಟರ್ ಆದರೆ ಈ ಹಂತ ಬಿಡಬೇಡಿ. ನಾಳೆ ಅವರು ಒಬ್ಬರೇ ಕೂತು ಕೇಳಬೇಕಲ್ಲ.

## ಹಂತ 8: ಬೇಕಾದರೆ ಮಾತ್ರ ಕನ್ವರ್ಟ್ ಮಾಡಿ

ಕಂಪ್ಯೂಟರ್‌ನಲ್ಲಿ ಪ್ಲೇ ಆಗುತ್ತಿದೆ ಅಂದರೆ ಕನ್ವರ್ಟ್ ಬೇಡ. ಕಾರಿನ ಸ್ಟೀರಿಯೋ, ಮೈಕ್ ಸೆಟ್‌ನವರ ಪ್ಲೇಯರ್, ಹಳೇ ಹೋಮ್ ಥಿಯೇಟರ್, ಇವಕ್ಕೆ ಎಂಪಿ3 ಬೇಕಾದಾಗ ಮಾತ್ರ ಮಾಡಿ.

ವಿಎಲ್‌ಸಿಯಲ್ಲಿ ಹೀಗೆ:

1. ಕಂಟ್ರೋಲ್ ಮತ್ತು ಆರ್ ಒತ್ತಿ. 'ಆಡ್' ಒತ್ತಿ ಫೈಲ್ ಸೇರಿಸಿ.
2. ಕೆಳಗೆ 'ಕನ್ವರ್ಟ್/ಸೇವ್' ಒತ್ತಿ.
3. ಪ್ರೊಫೈಲ್‌ನಲ್ಲಿ 'ಆಡಿಯೋ - ಎಂಪಿ3' ಆಯ್ಕೆ ಮಾಡಿ. ಹಾಡಾದರೆ ಪಕ್ಕದ ಸ್ಪ್ಯಾನರ್ ಚಿತ್ರ ಒತ್ತಿ ಬಿಟ್‌ರೇಟನ್ನು (ಸೆಕೆಂಡಿಗೆ ಎಷ್ಟು ಕಿಲೋಬಿಟ್ ಅನ್ನುವುದನ್ನು) 192ಕ್ಕೆ ಏರಿಸಿ. ಬರೀ ಮಾತಾದರೆ 128 ಸಾಕು.
4. 'ಬ್ರೌಸ್' ಒತ್ತಿ ಬೇರೆ ಫೋಲ್ಡರ್ ಆರಿಸಿ. ಹೊಸ ಹೆಸರು ಕೊಡಿ, ಕೊನೆಗೆ ಚುಕ್ಕಿ ಇಟ್ಟು ಎಂಪಿ3 ಅಂತ ನೀವೇ ಟೈಪ್ ಮಾಡಿ.
5. 'ಸ್ಟಾರ್ಟ್' ಒತ್ತಿ. ಸದ್ದು ಬರುವುದಿಲ್ಲ, ಪಟ್ಟಿ ಮಾತ್ರ ಓಡುತ್ತದೆ. ಅದು ಕೊನೆ ಮುಟ್ಟುವವರೆಗೆ ಕಿಟಕಿ ಮುಚ್ಚಬೇಡಿ.

ನಾಲ್ಕನೆಯದರಲ್ಲೇ ಹೆಚ್ಚು ಜನ ಎಡವುತ್ತಾರೆ. ಅದೇ ಫೋಲ್ಡರ್, ಅದೇ ಹೆಸರು ಕೊಟ್ಟರೆ ಒರಿಜಿನಲ್ ಮೇಲೆಯೇ ಬರೆದುಬಿಡುತ್ತದೆ. ಮೊದಲ ಹಂತದಲ್ಲಿ ಬೇರೆ ಫೋಲ್ಡರ್ ಮಾಡಿಸಿದ್ದು ಇದಕ್ಕೇ.

ಎಂಪಿ3ಯನ್ನು ಫ್ಲ್ಯಾಕ್‌ಗೆ ಬದಲಿಸಿದರೆ ಧ್ವನಿ ಸುಧಾರಿಸುತ್ತದೆ ಅಂತ ಹಲವರು ನಂಬಿದ್ದಾರೆ. ಇಲ್ಲ. ಎಂಪಿ3 ಆಗುವಾಗ ಹೋದದ್ದು ಹೋಯಿತು, ಫ್ಲ್ಯಾಕ್ ಮಾಡಿದರೆ ಸೈಜ್ ಮಾತ್ರ ಬೆಳೆಯುತ್ತದೆ. ಎಂಪಿ3ಯನ್ನು ಡಬ್ಲ್ಯುಎಂಎಗೆ, ಅದನ್ನು ಮತ್ತೆ ಎಂಪಿ3ಗೆ ಅಂತ ಓಡಾಡಿಸಿದರೆ ಪ್ರತಿ ಸಲವೂ ಸ್ವಲ್ಪ ಸ್ವಲ್ಪ ಕಳೆಯುತ್ತದೆ. ಯಾವಾಗಲೂ ಒರಿಜಿನಲ್‌ನಿಂದಲೇ ಹೊಸ ಕಾಪಿ ತೆಗೆಯಿರಿ.

ಆನ್‌ಲೈನ್ ಕನ್ವರ್ಟರ್‌ಗೆ ಮನೆಯವರ ರೆಕಾರ್ಡಿಂಗ್ ಹಾಕಬೇಡಿ ಅಂತ ನಾನು ಎಲ್ಲರಿಗೂ ಹೇಳುತ್ತೇನೆ. ಆಸ್ತಿ ಮಾತುಕತೆ, ಡಾಕ್ಟರ್ ಹೇಳಿದ್ದು, ತೀರಿಕೊಂಡವರ ದನಿ, ಇವೆಲ್ಲ ಯಾರದೋ ಸರ್ವರ್‌ಗೆ ಯಾಕೆ ಹೋಗಬೇಕು? ನಿಮ್ಮ ಕಂಪ್ಯೂಟರ್‌ನಲ್ಲೇ ಆಗುವ ಕೆಲಸ ಇದು.

## ಹಂತ 9: ಕನ್ನಡ ಹೆಸರುಗಳು ಕೆಟ್ಟು ಕಾಣುತ್ತಿದ್ದರೆ

ಹಾಡು ಸರಿ ಕೇಳುತ್ತದೆ, ಹೆಸರಿನ ಜಾಗದಲ್ಲಿ ಪ್ರಶ್ನಾರ್ಥಕ ಚಿಹ್ನೆ ಅಥವಾ ಚೌಕಗಳ ಸಾಲು. ಫೈಲಿನ ಹೆಸರು ಬೇರೆ, ಫೈಲಿನೊಳಗೆ ಬರೆದ ಟ್ಯಾಗ್ ಬೇರೆ. ಪ್ಲೇಯರ್ ತೋರಿಸುವುದು ಟ್ಯಾಗನ್ನು.

ಅಕ್ಷರಗಳೆಲ್ಲ ತಲೆ ಮೇಲೆ ಗೆರೆ, ಚುಕ್ಕಿ ಹೊತ್ತ ಇಂಗ್ಲಿಷ್‌ನಂತೆ ಕಂಡರೆ ಅದು ನುಡಿ ಅಥವಾ ಬರಹ ಸಾಫ್ಟ್‌ವೇರ್‌ನ ಹಳೇ ಫಾಂಟ್‌ನಲ್ಲಿ ಟೈಪ್ ಮಾಡಿದ್ದು. ಆ ಫಾಂಟ್ ಇಲ್ಲದ ಕಡೆ ಹಾಗೇ ಕಾಣುತ್ತದೆ. ಎಂಪಿ3ಟ್ಯಾಗ್‌ನಲ್ಲಿ ಫೋಲ್ಡರ್ ತೆರೆದು ಹೆಸರನ್ನು ಯುನಿಕೋಡ್ ಕನ್ನಡದಲ್ಲಿ ಮತ್ತೆ ಬರೆದು ಸೇವ್ ಮಾಡಿ. ಕೆಲವು ಹಳೇ ಕಾರ್ ಸ್ಟೀರಿಯೋಗಳಿಗೆ ಕನ್ನಡ ಅಕ್ಷರವೇ ಬರುವುದಿಲ್ಲ. ಕಾರಿನ ಪೆನ್‌ಡ್ರೈವ್‌ಗೆ ಹಾಕುವ ಕಾಪಿಗೆ ಇಂಗ್ಲಿಷ್ ಲಿಪಿಯಲ್ಲಿ ಹೆಸರಿಡಿ, ಮನೆಯ ಕಾಪಿಯಲ್ಲಿ ಕನ್ನಡವೇ ಇರಲಿ.

## ಎಚ್ಚರಿಕೆಯ ಗುರುತುಗಳು

ಒಂದೇ ಕಿವಿಗೆ ಕೇಳುತ್ತದೆ. ಕ್ಯಾಸೆಟ್‌ನಿಂದ ಮಾಡಿಸಿದ ಫೈಲ್‌ಗಳಲ್ಲಿ ಜಾಸ್ತಿ. ಒಂದು ಚಾನೆಲ್ ಖಾಲಿ ಇದೆ. ವಿಎಲ್‌ಸಿಯಲ್ಲಿ ಆಡಿಯೋ, 'ಸ್ಟೀರಿಯೋ ಮೋಡ್'ಗೆ ಹೋಗಿ ಲೆಫ್ಟ್ ಅಥವಾ ರೈಟ್ ಹಾಕಿ ನೋಡಿ, ಯಾವುದರಲ್ಲಿ ಧ್ವನಿ ಇದೆಯೋ ಅದು ಎರಡೂ ಕಿವಿಗೆ ಬರುತ್ತದೆ.

ದನಿ ಕೀಚಲಾಗಿ, ಓಡುವ ಹಾಗೆ ಕೇಳುತ್ತದೆ. ಸ್ಯಾಂಪಲ್ ರೇಟ್ ತಪ್ಪಾಗಿದೆ. ಯಾರೋ ಕನ್ವರ್ಟ್ ಮಾಡುವಾಗ 8,000 ಇದ್ದದ್ದನ್ನು 44,100 ಅಂತ ಓದಿಸಿದ್ದಾರೆ. ಒರಿಜಿನಲ್ ಹುಡುಕಿ.

ಬರೀ 'ಸ್ಸ್ಸ್' ಅನ್ನುವ ಜೋರಾದ ಸದ್ದು. ತಕ್ಷಣ ನಿಲ್ಲಿಸಿ. ಆಡಾಸಿಟಿಯಲ್ಲಿ ಫೈಲ್ ತೆರೆಯದಿದ್ದಾಗ ಕೆಲವರು 'ಇಂಪೋರ್ಟ್ ರಾ ಡೇಟಾ' ಒತ್ತುತ್ತಾರೆ. ಕಿವಿಗೂ ಸ್ಪೀಕರ್‌ಗೂ ಪೆಟ್ಟು. ಎಂ4ಎ, ಎಎಂಆರ್, ಡಬ್ಲ್ಯುಎಂಎ ತೆರೆಯಲು ಆಡಾಸಿಟಿಗೆ ಎಫ್‌ಎಫ್‌ಎಂಪೆಗ್ ಲೈಬ್ರರಿ ಅನ್ನುವ ಹೆಚ್ಚುವರಿ ಭಾಗ ಬೇಕು. ಅದನ್ನು ಹಾಕಿ, ಇಲ್ಲವೇ ವಿಎಲ್‌ಸಿಯಲ್ಲಿ ವೇವ್ ಮಾಡಿಕೊಂಡು ತನ್ನಿ.

ತೀರಾ ಸಣ್ಣ ದನಿ. ವಿಎಲ್‌ಸಿಯ ವಾಲ್ಯೂಮ್ 125ರವರೆಗೆ ಏರುತ್ತದೆ. ಸಾಲದಿದ್ದರೆ 'ಎಫೆಕ್ಟ್ಸ್ ಅಂಡ್ ಫಿಲ್ಟರ್ಸ್'ನಲ್ಲಿ ಕಂಪ್ರೆಸರ್ ಹಾಕಿ. ಹೆಡ್‌ಫೋನ್ ಹಾಕಿಕೊಂಡು ಏರಿಸಬೇಡಿ. ಮುಂದಿನ ಫೈಲ್ ಜೋರಾಗಿದ್ದರೆ ಕಿವಿಗೆ ಬಡಿಯುತ್ತದೆ.

ಪ್ರತಿ ಸಲ ಅದೇ ಸೆಕೆಂಡಿಗೆ ನಿಲ್ಲುತ್ತದೆ. ಫೈಲ್ ಅರ್ಧ ಕಾಪಿ ಆಗಿದೆ. ಮೂಲ ಇರುವ ಫೋನ್ ಅಥವಾ ಕಾರ್ಡ್ ಇನ್ನೂ ಇದ್ದರೆ ಇವತ್ತೇ ಮತ್ತೆ ಕಾಪಿ ಮಾಡಿ.

ಕಾರ್ಡ್ ಹಾಕಿದಾಗ 'ಫಾರ್ಮ್ಯಾಟ್ ಮಾಡಬೇಕು' ಅಂತ ಕೇಳುತ್ತದೆ. ಬೇಡ ಅನ್ನಿ. ಒಪ್ಪಿದರೆ ಕಾರ್ಡ್ ಖಾಲಿ. ಮೊದಲು ಬೇರೆ ಕಾರ್ಡ್ ರೀಡರ್‌ನಲ್ಲಿ ಹಾಕಿ ನೋಡಿ, ಆಮೇಲೆ ಆ ಕಾರ್ಡ್ ಇದ್ದ ಹಳೇ ಫೋನಿಗೇ ಹಾಕಿ ನೋಡಿ. ಫೋನ್ ಓದಿದರೆ ಕೇಬಲ್ ಅಥವಾ ಬ್ಲೂಟೂತ್‌ನಲ್ಲಿ ಒಂದೊಂದೇ ಫೈಲ್ ಹೊರಗೆ ಕಳಿಸಿ. ಅಲ್ಲೂ ಓದದಿದ್ದರೆ ಆ ಕಾರ್ಡ್ ಮೇಲೆ ಹೊಸದಾಗಿ ಒಂದು ಫೋಟೋ ಕೂಡ ಹಾಕಬೇಡಿ. ಹಾಗೇ ಒಂದು ಕವರ್‌ನಲ್ಲಿ ಹಾಕಿಟ್ಟು ಡೇಟಾ ರಿಕವರಿ ಗೊತ್ತಿರುವವರ ಕೈಗೆ ಕೊಡಿ.